ಕಚ್ಚಿದ ಮೇಲೆ ನಾಯಿಗೆ ಯಜಮಾನ ಇರುವುದಿಲ್ಲ

ನಮ್ಮ ಕಡೆ ನಾಯಿಗಳಿಗೆ ಎರಡು ಜಾತಕ. ಕಚ್ಚುವ ತನಕ ಅದು ಟೈಗರ್, ಮೀನಿನ ತಲೆ ಬೇಯಿಸಿ ಹಾಕಿ ಸಾಕಿದ ಮನೆಮಗ. ತೋಟಕ್ಕೆ ಕಾಡುಹಂದಿ ಬಂದರೆ ಓಡಿಸುವ ಶೂರ, ನೆಂಟರ ಮುಂದೆ ಹೊಗಳಿಸಿಕೊಳ್ಳುವವ. ಯಾರದ್ದಾದರೂ ಮೀನಖಂಡಕ್ಕೆ ಬಾಯಿ ಹಾಕಿತೋ, ಆ ಕ್ಷಣದಿಂದ ಅದು ಬೀದಿನಾಯಿ. "ನಮ್ಮದಲ್ಲ ಮಾರಾಯ್ರೆ, ಎಲ್ಲಿಂದಲೋ ಬಂದು ಸೇರಿಕೊಂಡದ್ದು. ಪಾಪ ಅಂತ ಒಂದು ಹಿಡಿ ಅನ್ನ ಹಾಕುತ್ತೇವೆ, ಅಷ್ಟೆ."

ನಮ್ಮ ನೆರೆಯವರು ಇದೇ ಮಾತು ಹೇಳಿದರು. ಅವರ ಅಂಗಳದಲ್ಲೇ ನಿಂತು, ಆ ನಾಯಿ ಅವರ ಕಾಲ ಬುಡದಲ್ಲೇ ಮಲಗಿದ್ದಾಗ.

ಹೆಸರು ಹಾಕುವುದಿಲ್ಲ, ಊರೂ ಹೇಳುವುದಿಲ್ಲ. ಕಾಸರಗೋಡು ಜಿಲ್ಲೆಯ ಉತ್ತರ ಭಾಗ ಅಂತ ಇಟ್ಟುಕೊಳ್ಳಿ. ಮೂರು ನಾಯಿಗಳು, ಯಾವುದಕ್ಕೂ ಲೈಸೆನ್ಸ್ ಇಲ್ಲ, ತೋಟಕ್ಕೆ ಸರಿಯಾದ ಬೇಲಿ ಇಲ್ಲ, ತೋಟದ ಬದಿಯಲ್ಲೇ ಎಲ್ಲರೂ ನಡೆಯುವ ಪಂಚಾಯತು ರಸ್ತೆ. ಹಾಲು ತೆಗೆದುಕೊಂಡು ಸೊಸೈಟಿಗೆ ಹೋಗುತ್ತಿದ್ದ ಹೆಂಗಸೊಬ್ಬರ ಕಾಲು ಹರಿದದ್ದು ಅಲ್ಲಿಯೇ. ಅದಕ್ಕೂ ಮೊದಲು ಮದ್ರಸಕ್ಕೆ ಹೋಗುವ ಮಕ್ಕಳನ್ನು ಅಟ್ಟಿಸಿಕೊಂಡು ಹೋದದ್ದು, ಪೇಪರ್ ಹಾಕುವ ಹುಡುಗ ಸೈಕಲ್ ಸಮೇತ ಚರಂಡಿಗೆ ಬಿದ್ದದ್ದು, ರಬ್ಬರ್ ಟ್ಯಾಪಿಂಗಿನವರು ದಾರಿ ಬದಲಿಸಿದ್ದು ಎಲ್ಲ ಆಗಿತ್ತು. ಊರಿಗೆಲ್ಲ ಗೊತ್ತಿತ್ತು. ಯಾರೂ ಬರೆದು ಕೊಟ್ಟಿರಲಿಲ್ಲ.

ನಾಯಿದ್ವೇಷಿ ಅಂತ ಕಮೆಂಟ್ ಹಾಕಲು ಬೆರಳು ತುರಿಸುತ್ತಿರುವವರಿಗೆ ಈಗಲೇ ಹೇಳಿಬಿಡುತ್ತೇನೆ: ನನ್ನ ಮನೆಯಲ್ಲೂ ಎರಡಿವೆ. ಹಗಲು ಕಟ್ಟಿ ರಾತ್ರಿ ಬಿಡುವುದು ನಮ್ಮ ಕಡೆಯ ಹಳೆಯ ಪದ್ಧತಿ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗುಡ್ಡೆ, ಗದ್ದೆ, ತೋಟ ಇದ್ದ ಕಾಲಕ್ಕೆ ಅದು ಸರಿಯಾಗಿತ್ತು. ಈಗ ಐದು ಸೆಂಟ್ಸ್, ಹತ್ತು ಸೆಂಟ್ಸ್ ಜಾಗದಲ್ಲಿ ಮನೆಗಳು. ಬೆಳಗ್ಗೆ ಆರು ಗಂಟೆಗೇ ರಸ್ತೆಯಲ್ಲಿ ಮಕ್ಕಳು. ಆದರೆ ರಾತ್ರಿ ಬಿಟ್ಟ ನಾಯಿಯನ್ನು ಕಟ್ಟುವುದು ಯಜಮಾನರು ಎದ್ದು, ಚಹಾ ಕುಡಿದು, ಪೇಪರ್ ಓದಿ ಆದ ಮೇಲೆ. ಅಪಾಯ ಇರುವುದು ಆ ನಡುವಿನ ಹೊತ್ತಿನಲ್ಲಿ.

ಕಚ್ಚಿಸಿಕೊಂಡವರ ವಿಷಯ ಮೊದಲು ಹೇಳುತ್ತೇನೆ. ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಹದಿನೈದೇ ನಿಮಿಷವಾ ಅಂತ ಕೇಳಬೇಡಿ, ಗಡಿಯಾರ ನೋಡಿಕೊಂಡು ತೊಳೆಯಿರಿ. ಅರಸಿನ, ಸುಣ್ಣ, ಕಾಫಿಪುಡಿ ಏನೂ ಬೇಡ. ಚರ್ಮ ಹರಿದು ರಕ್ತ ಬಂದಿದ್ದರೆ ಲಸಿಕೆಯ ಜೊತೆ ಗಾಯಕ್ಕೆ ಇಮ್ಯುನೋಗ್ಲೋಬ್ಯುಲಿನ್ (ರೇಬಿಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಕೂಡ ಬೇಕು. ಅದು ಎಲ್ಲ ಆರೋಗ್ಯ ಕೇಂದ್ರಗಳಲ್ಲಿ ಇರುವುದಿಲ್ಲ, ಹೊರಡುವ ಮೊದಲು ಫೋನ್ ಮಾಡಿ ಕೇಳಿ. ಚರ್ಮದೊಳಕ್ಕೆ ಕೊಡುವ ಲಸಿಕೆ 0, 3, 7, 28ನೇ ದಿನ. ರೇಬಿಸ್‌ನ ಲಕ್ಷಣ ಶುರುವಾದ ಮೇಲೆ ಮದ್ದಿಲ್ಲ. ಕಚ್ಚಿದ ನಾಯಿ ಹತ್ತು ದಿನ ಆರೋಗ್ಯವಾಗಿದೆಯೇ ಅಂತ ನೋಡುವುದೂ ಮುಖ್ಯ, ಆದರೆ ಅದಕ್ಕಾಗಿ ಲಸಿಕೆ ಶುರುಮಾಡುವುದನ್ನು ಕಾಯಿಸುವಂತಿಲ್ಲ. ಇನ್ನು, "ನಮ್ಮದಲ್ಲ" ಅಂತ ಕೈತೊಳೆದುಕೊಂಡ ನಾಯಿಯನ್ನು ಹತ್ತು ದಿನ ಕಟ್ಟಿ ಗಮನಿಸುವವರು ಯಾರು? ಸುಳ್ಳು ಬರೀ ಸುಳ್ಳಾಗಿ ಉಳಿಯುವುದಿಲ್ಲ, ಕಚ್ಚಿಸಿಕೊಂಡವರ ಜೀವಕ್ಕೆ ಬರುತ್ತದೆ. ಆಸ್ಪತ್ರೆಯ ಒಪಿ ಚೀಟಿ ಬಿಸಾಡಬೇಡಿ. ಮುಂದೆ ಬೇಕಾಗುವ ಮೊದಲ ಕಾಗದ ಅದೇ.

ಇನ್ನು ಕಚೇರಿಗಳ ಯಾತ್ರೆ.

ಪಂಚಾಯತಿನವರು ಹೇಳಿದ್ದು: ನಾವು ನಾಯಿ ಹಿಡಿಯುವಂತಿಲ್ಲ, ಎಬಿಸಿ ರೂಲ್ಸ್ (ಪ್ರಾಣಿಗಳ ಸಂತಾನ ನಿಯಂತ್ರಣದ ನಿಯಮಗಳು) ಇದೆ, ಸುಪ್ರೀಂ ಕೋರ್ಟಿದೆ, ಮೇನಕಾ ಗಾಂಧಿ ಇದ್ದಾರೆ. ಪೊಲೀಸರು ಹೇಳಿದ್ದು: ಇದು ಪಂಚಾಯತಿನ ವಿಷಯ, ನೆರೆಕರೆಯವರು ಕೂತು ಮಾತಾಡಿ ಮುಗಿಸಿಕೊಳ್ಳಿ. ಮೃಗಾಸ್ಪತ್ರೆಯಲ್ಲಿ: ನಾಯಿಯನ್ನು ತಂದರೆ ಇಂಜೆಕ್ಷನ್ ಕೊಡುತ್ತೇವೆ. ವಿಲೇಜ್ ಆಫೀಸಿನಲ್ಲಿ ನಾಯಿಗೂ ನಮಗೂ ಏನು ಸಂಬಂಧ ಅಂತ ನಕ್ಕರು. ವಾರ್ಡ್ ಮೆಂಬರ್ "ನೋಕಾಂ" ಅಂದರು, ಮಲಯಾಳದಲ್ಲಿ "ನೋಡೋಣ" ಅಂತ. ಈ ಸೀಮೆಯಲ್ಲಿ ನೋಕಾಂ ಅಂದರೆ ಏನರ್ಥ ಅಂತ ಇಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ.

ನನ್ನ ತಕರಾರು ಇರುವುದೇ ಇಲ್ಲಿ. ನಾಯಿ ಅಂದ ಕೂಡಲೇ ಎಲ್ಲರ ತಲೆ ಬೀದಿನಾಯಿಯತ್ತ ಓಡುತ್ತದೆ. ಟಿವಿಯ ಚರ್ಚೆ ಪೂರ್ತಿ ಅದೇ. 2023ರಲ್ಲಿ ಕಣ್ಣೂರಿನ ಮುಳಪ್ಪಿಲಂಙಾಡಿನಲ್ಲಿ ಹನ್ನೊಂದು ವರ್ಷದ, ಮಾತು ಬಾರದ ಹುಡುಗನನ್ನು ನಾಯಿಗಳು ಕೊಂದಾಗ ನಾವೆಲ್ಲ ನಡುಗಿದ್ದೆವು. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್‌ಸ್ಟ್ಯಾಂಡ್, ರೈಲ್ವೆ ಸ್ಟೇಷನ್‌ಗಳಿಂದ ಬೀದಿನಾಯಿಗಳನ್ನು ತೆಗೆಯಿರಿ ಅಂತ ಹೇಳಿತು. ಸರಿ, ಅದು ದೊಡ್ಡ ಸಮಸ್ಯೆಯೇ. ಆದರೆ ನಮ್ಮ ರಸ್ತೆಯದ್ದು ಬೀದಿನಾಯಿ ಸಮಸ್ಯೆ ಅಲ್ಲ. ರೇಷನ್ ಕಾರ್ಡ್ ಇರುವ, ತೆರಿಗೆ ಕಟ್ಟುವ, ವಿಳಾಸ ಇರುವ ಒಬ್ಬ ಮನುಷ್ಯನ ಸಮಸ್ಯೆ. ಎಬಿಸಿ ರೂಲ್ಸ್ ಅಂತ ನಮ್ಮನ್ನು ಹೆದರಿಸುತ್ತಾರಲ್ಲ, 2023ರ ಆ ನಿಯಮಗಳಲ್ಲೇ ಇದೆ, ಸಾಕುನಾಯಿಯ ಲಸಿಕೆ, ಸಂತಾನಹರಣ ಎಲ್ಲ ಸಾಕಿದವನ ಜವಾಬ್ದಾರಿ ಅಂತ. ಬೀದಿನಾಯಿಯಾದರೆ ಅದು ಸ್ಥಳೀಯ ಸಂಸ್ಥೆಯ ಜವಾಬ್ದಾರಿ.

ಹಾಗಾದರೆ ದಾರಿ ಇರುವುದು ಎರಡೇ. ನಾಯಿ ಅವರದ್ದಾದರೆ ಲೈಸೆನ್ಸ್ ಎಲ್ಲಿ? ಕೇರಳದಲ್ಲಿ ಹಂದಿ, ನಾಯಿ ಸಾಕಲು ಪಂಚಾಯತ್ ರಾಜ್ ಲೈಸೆನ್ಸ್ ನಿಯಮಗಳು 1998ರಿಂದಲೇ ಇವೆ. ರೇಬಿಸ್ ಲಸಿಕೆ ಹಾಕಿಸಿದ ಸರ್ಟಿಫಿಕೇಟ್ ಇಲ್ಲದೆ ಲೈಸೆನ್ಸ್ ಇಲ್ಲ. ನಾಯಿ ಅವರದ್ದಲ್ಲವೋ, ಹಾಗಾದರೆ ಅದು ಪಂಚಾಯತಿನ ತಲೆಗೆ. ಇಬ್ಬರಲ್ಲಿ ಒಬ್ಬರು ಉತ್ತರ ಕೊಡಲೇಬೇಕು. ನಮ್ಮ ಅರ್ಜಿಯಲ್ಲಿ ಇದನ್ನೇ ಬರೆದೆವು. ಬರೆಯುವ ಮೊದಲು ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿ ಮಾಹಿತಿ ಹಕ್ಕಿನಲ್ಲಿ ಒಂದು ಪ್ರಶ್ನೆ ಕೇಳಿದ್ದೆವು: ನಮ್ಮ ವಾರ್ಡಿನಲ್ಲಿ ಎಷ್ಟು ನಾಯಿಗಳಿಗೆ ಲೈಸೆನ್ಸ್ ಕೊಟ್ಟಿದ್ದೀರಿ? 30 ದಿನದೊಳಗೆ ಉತ್ತರ ಕೊಡಲೇಬೇಕಾದ ಪ್ರಶ್ನೆ. ಬಂದ ಉತ್ತರ ಸೊನ್ನೆ. ನಾಯಿಯಿಲ್ಲದ ಮನೆ ಹುಡುಕಬೇಕಾದ ವಾರ್ಡಿನಲ್ಲಿ! ಆ ಒಂದು ಸೊನ್ನೆಯನ್ನು ಅರ್ಜಿಗೆ ಲಗತ್ತಿಸಿದ ಮೇಲೆ ಕಚೇರಿಯ ದನಿ ಸ್ವಲ್ಪ ಇಳಿಯಿತು.

ಪೊಲೀಸರ ವಿಷಯ. ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ನೆನಪಿಟ್ಟುಕೊಳ್ಳಿ, ಹಳೆಯ ಐಪಿಸಿಯಲ್ಲಿ 289 ಇದ್ದದ್ದು. ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರಿಗೆ ಅಪಾಯ ಆಗದಂತೆ ಜಾಗ್ರತೆ ವಹಿಸದವನಿಗೆ 6 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದರಲ್ಲಿರುವುದು "ವಶದಲ್ಲಿರುವ" ಪ್ರಾಣಿ ಅಂತ. ಕ್ರಯಚೀಟಿ ತೋರಿಸಬೇಕಾಗಿಲ್ಲ, ಜನ್ಮಪತ್ರ ಬೇಕಾಗಿಲ್ಲ. ಯಾರ ಅಂಗಳದಲ್ಲಿ ಮಲಗುತ್ತದೆ, ಯಾರು ಕರೆದರೆ ಬರುತ್ತದೆ, ಯಾರ ತಟ್ಟೆಯಲ್ಲಿ ಉಣ್ಣುತ್ತದೆ, ಇವನ್ನೇ ಸಾಕ್ಷಿಯಾಗಿ ಕೊಡಿ. ರಸ್ತೆಯಲ್ಲಿ ನಿಂತು ತೆಗೆದ, ದಿನಾಂಕ ಇರುವ ಎರಡು ವಿಡಿಯೊ ನೂರು ಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಇದು ಪೊಲೀಸರು ನೇರವಾಗಿ ಕೇಸು ದಾಖಲಿಸಬಹುದಾದ ಅಪರಾಧ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು. ಏನೇ ಕೊಡಿ, ರಸೀದಿ ಇಲ್ಲದೆ ಅಲ್ಲಿಂದ ಏಳಬೇಡಿ. ಫೋನಿನಲ್ಲಿ ಹೇಳಿದ್ದು, ದಾರಿಯಲ್ಲಿ ಸಿಕ್ಕಾಗ ಹೇಳಿದ್ದು, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕೂತು ಹೇಳಿದ್ದು ಯಾವುದೂ ಹೇಳಿದ ಲೆಕ್ಕಕ್ಕೆ ಬರುವುದಿಲ್ಲ.

ನಿಜಕ್ಕೂ ಕೆಲಸ ಆದದ್ದು ಮಾತ್ರ ಬೇರೆ ಕಡೆ. ಆರ್‌ಡಿಒ, ಅಂದರೆ ಕಂದಾಯ ವಿಭಾಗಾಧಿಕಾರಿಯ ಕಚೇರಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ (ಹಳೆಯ ಸಿಆರ್‌ಪಿಸಿ 133) ಸಾರ್ವಜನಿಕ ಉಪದ್ರವ ತೆಗೆಸುವ ಅಧಿಕಾರವನ್ನು ಆರ್‌ಡಿಒ ಅವರಂಥ ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟರಿಗೆ ಕೊಡುತ್ತದೆ. ರಸ್ತೆಗೆ ಅಡ್ಡ ಕಟ್ಟಿದ ಗೋಡೆ, ಬೀಳಲು ನಿಂತ ಮರ, ಬೇಲಿಯಿಲ್ಲದ ಬಾವಿ ಇವುಗಳ ಸಾಲಿನಲ್ಲೇ ಅಪಾಯಕಾರಿ ಪ್ರಾಣಿಯೂ ಇದೆ. ಇಷ್ಟು ದಿನದೊಳಗೆ ಕಟ್ಟಿಹಾಕು, ಇಲ್ಲವಾದರೆ ಬಂದು ಕಾರಣ ಹೇಳು ಅಂತ ಷರತ್ತಿನ ಆದೇಶ ಹೊರಡಿಸಬಹುದು. ನಮ್ಮ ಕಡೆ ಆರ್‌ಡಿಒ ಅಂದರೆ ಜಾಗದ ತಕರಾರು, ಗದ್ದೆ ತುಂಬಿಸುವ ಪರವಾನಗಿ ಅಂತ ಅಷ್ಟೇ ಗೊತ್ತು. ನಾಯಿಗೂ ಅಲ್ಲಿಗೇ ಹೋಗಬಹುದು ಅಂತ ಹೇಳಿದ್ದು ನಿವೃತ್ತ ಗುಮಾಸ್ತರೊಬ್ಬರು. ಅವರಿಗೆ ಒಂದು ಗೊನೆ ಕದಳಿ ಕೊಟ್ಟರೂ ಕಡಿಮೆಯೇ.

ಆದರೆ ಈ ಸೆಕ್ಷನ್ನಿಗೆ ಉಪದ್ರವ ಸಾರ್ವಜನಿಕ ಆಗಿರಬೇಕು. ನಾನೊಬ್ಬ ಸಹಿ ಹಾಕಿದರೆ ನೆರೆಜಗಳ ಅಂತ ಬದಿಗಿಡುತ್ತಾರೆ. ಸಹಿ ಸಂಗ್ರಹಕ್ಕೆ ಹೊರಟಾಗಲೇ ನನ್ನ ಊರು ನನಗೆ ಸರಿಯಾಗಿ ಕಂಡದ್ದು. ವರ್ಷಗಟ್ಟಲೆ ಕೈಯಲ್ಲಿ ಕೋಲು ಹಿಡಿದು ನಡೆದವರೇ ಪೆನ್ನು ಹಿಡಿಯಲು ಒಲ್ಲೆ ಅಂದರು. ಒಬ್ಬರಿಗೆ ನಾಯಿ ಸಾಕಿದವರ ತೋಟದಲ್ಲಿ ಕೆಲಸ. ಇನ್ನೊಬ್ಬರಿಗೆ ಬೇಸಿಗೆಯಲ್ಲಿ ಅವರ ಬೋರ್‌ವೆಲ್ಲಿನ ನೀರು. ಮತ್ತೊಬ್ಬರ ಮಗಳ ಮದುವೆ ಹತ್ತಿರ, "ಈಗ ಬೇಡ, ಮದುವೆ ಕಳೆಯಲಿ." ಅವರನ್ನು ದೂರುವುದು ಸುಲಭ. ಆದರೆ ನೀರು ನಿಲ್ಲಿಸಿದರೆ ನಾನು ಕೊಡುತ್ತೇನೆಯೇ? ಇಲ್ಲ. ಕೊನೆಗೆ ಸಹಿ ಹಾಕಿದವರಲ್ಲಿ ಹೆಚ್ಚಿನವರು ಹೆಂಗಸರು. ಮೊದಲ ಸಹಿ ಮದ್ರಸದ ಉಸ್ತಾದರದ್ದು, ಅದರ ಕೆಳಗೆ ಭಜನಾ ಮಂದಿರದ ಕಾರ್ಯದರ್ಶಿಯದ್ದು. ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ. ಏಕೆಂದರೆ ನಮ್ಮ ಜಿಲ್ಲೆಯಲ್ಲಿ ನಾಯಿ ಯಾರದ್ದು, ಕಚ್ಚಿಸಿಕೊಂಡವರು ಯಾರು ಅನ್ನುವುದರ ಮೇಲೆ ವಾಟ್ಸಾಪಿನಲ್ಲಿ ಬೇರೆಯೇ ಕಥೆ ಶುರುವಾಗುವುದು ಎಷ್ಟು ಹೊತ್ತಿನ ಕೆಲಸ! 2022ರ ಸೆಪ್ಟೆಂಬರಿನಲ್ಲಿ ಬೇಕಲದ ಹತ್ತಿರ ಒಬ್ಬ ತಂದೆ ಏರ್‌ಗನ್ ಹಿಡಿದು ಮದ್ರಸದ ಮಕ್ಕಳ ಮುಂದೆ ನಡೆದ ವಿಡಿಯೊ ನೆನಪಿರಬಹುದು. ಆ ತಂದೆಯ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಕೇಸು ಬಿದ್ದದ್ದು ಅವರ ಮೇಲೆಯೇ.

ಅದೇ ಕಾರಣಕ್ಕೆ ವಿಷದ ಮಾತು ಬಾಯಲ್ಲೂ ಬೇಡ. ನಮ್ಮಲ್ಲೂ ಒಬ್ಬರು "ಫ್ಯೂರಡಾನ್ ಇದೆ, ಸುಮ್ಮನೆ ಯಾಕೆ ಕಾಗದ" ಅಂದರು. ಪ್ರಾಣಿಯನ್ನು ಕೊಂದರೆ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ 5 ವರ್ಷದವರೆಗೆ ಜೈಲು. ಬೇಲಿ ಹಾಕದವನಿಗೆ ಆರು ತಿಂಗಳು, ನಿಮಗೆ ಐದು ವರ್ಷ. ಅದಕ್ಕಿಂತ ಹೆಚ್ಚಾಗಿ, ಗೇಟು ತೆರೆದಿಟ್ಟದ್ದು ನಾಯಿಯಲ್ಲ.

ತಳಿಯ ಚರ್ಚೆಯೂ ವ್ಯರ್ಥ. ಕೇಂದ್ರ 2024ರ ಮಾರ್ಚಿನಲ್ಲಿ 23 ತಳಿಗಳನ್ನು ನಿಷೇಧಿಸುವಂತೆ ಸುತ್ತೋಲೆ ಹೊರಡಿಸಿತು, ಏಪ್ರಿಲಿನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ನಮ್ಮ ನೆರೆಯ ಮೂರೂ ಶುದ್ಧ ನಾಡನ್, ಅಂದರೆ ಊರಿನ ನಾಯಿಗಳೇ.

ಭಾಷೆಯ ವಿಷಯ ಕೇಳುವವರು ಇದ್ದೀರಿ, ಗೊತ್ತು. ಅರ್ಜಿ ಕನ್ನಡದಲ್ಲೇ ಕೊಟ್ಟೆವು. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದು ಅಂತ ಸಂವಿಧಾನದ 350ನೇ ವಿಧಿ ಹೇಳುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೂ ಕನ್ನಡಿಗರಿಗೆ, ತಮಿಳರಿಗೆ ಈ ಸೌಲಭ್ಯ ಇದೆ. ಆದರೂ ಜೊತೆಗೆ ಮಲಯಾಳದ ಪ್ರತಿಯನ್ನು ನಾವೇ ಬರೆಸಿ ಇಟ್ಟೆವು. ಕೆಲವು ಗೆಳೆಯರಿಗೆ ಇದು ಹಿಡಿಸಲಿಲ್ಲ, "ಹಕ್ಕು ಬಿಟ್ಟುಕೊಟ್ಟಿರಿ" ಅಂದರು. ಭಾಷಾಂತರಕ್ಕೆ ಕಳಿಸಿದ್ದೇವೆ ಅನ್ನುವ ನೆಪದಲ್ಲಿ ಫೈಲು ಕೂತರೆ ಆ ರಸ್ತೆಯಲ್ಲಿ ನಡೆಯುವುದು ಗೆಳೆಯರ ಮಕ್ಕಳಲ್ಲ. ಭಾಷೆಯ ಹೋರಾಟಕ್ಕೆ ಬರುತ್ತೇನೆ, ಖಂಡಿತ ಬರುತ್ತೇನೆ, ಕಾಲು ಎರಡೂ ನೆಟ್ಟಗೆ ಇದ್ದರೆ.

ಆರ್‌ಡಿಒ ನೋಟಿಸು ಬಂದ ಮೇಲೆ ಏನಾಯಿತು? ಎರಡು ನಾಯಿಗಳಿಗೆ ಗೂಡಾಯಿತು, ಲಸಿಕೆ ಆಯಿತು, ಲೈಸೆನ್ಸ್ ಆಯಿತು. ಮೂರನೆಯದು, ಅಂದರೆ ಕಚ್ಚಿದ ನಾಯಿಯೇ, ಇನ್ನೂ "ನಮ್ಮದಲ್ಲ". ಅದು ಹಗಲು ಅವರ ಜಗಲಿಯಲ್ಲೇ ಮಲಗುತ್ತದೆ. ಕಾರಣ ಸರಳ: ತನ್ನದು ಅಂದರೆ ಪರಿಹಾರ ಕೊಡಬೇಕಾದೀತು. ಬೀದಿನಾಯಿ ಕಡಿದರೆ ಪರಿಹಾರ ಕೇಳಲು ಕೇರಳದಲ್ಲಿ ಒಂದು ವ್ಯವಸ್ಥೆಯಾದರೂ ಇತ್ತು, ಸುಪ್ರೀಂ ಕೋರ್ಟ್ 2016ರಲ್ಲಿ ನೇಮಿಸಿದ ಜಸ್ಟಿಸ್ ಸಿರಿಜಗನ್ ಸಮಿತಿ. ಸಾಕುನಾಯಿ ಕಡಿದರೆ ಸಾಕಿದವನ ಮೇಲೆ ಸಿವಿಲ್ ದಾವೆಯೇ ಹೂಡಬೇಕು. ಹೆಂಗಸರಿಗೆ ತಾಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರು ಉಚಿತ, ಆದಾಯ ಎಷ್ಟಿದ್ದರೂ. ಹಾಲಿನ ಆ ಅಕ್ಕನಿಗೆ ಇದನ್ನು ಹೇಳಿದೆವು. ಗಾಯ ವಾಸಿಯಾಗಿದೆ, ಬೇಡ ಅಂದರು. ಕೂಲಿ ಹೋದ ದಿನಗಳು, ಚೆಲ್ಲಿದ ಹಾಲು, ಆಸ್ಪತ್ರೆಗೆ ಓಡಾಡಿದ ಆಟೋ ಬಾಡಿಗೆ ಯಾರೂ ಕೊಟ್ಟಿಲ್ಲ. ಅವರ ಗಂಡ ಅದೇ ತೋಟದಲ್ಲಿ ಅಡಿಕೆ ಕೊಯ್ಯುವವರು. ನಾನು ಹೆಚ್ಚು ಒತ್ತಾಯಿಸಲಿಲ್ಲ.

ಮುಂದಿನ ವಿಚಾರಣೆ ಬರುವ ತಿಂಗಳು. ಜಗಲಿಯ ವಿಡಿಯೊ ಪೆನ್‌ಡ್ರೈವಿನಲ್ಲಿದೆ. ಸಹಿ ಹಾಕಿದವರಲ್ಲಿ ನಾಲ್ಕೈದು ಜನ ಜೊತೆಗೆ ಬರುತ್ತೇವೆ ಅಂದಿದ್ದಾರೆ, ಉಸ್ತಾದರು ಬರುವುದು ಖಚಿತ. ಇಂಥದ್ದೇ ತೊಂದರೆ ಇರುವವರು ಇನ್‌ಬಾಕ್ಸಿಗೆ ಬನ್ನಿ, ಅರ್ಜಿಯ ಒಕ್ಕಣೆ ಕನ್ನಡದಲ್ಲೂ ಮಲಯಾಳದಲ್ಲೂ ಕಳಿಸುತ್ತೇನೆ. ಜಾಗ, ತಾರೀಕು, ಸರ್ವೆ ನಂಬರ್ ಬದಲಿಸಿಕೊಳ್ಳಿ. ಸಾಕಿದವರ ಹೆಸರು ಬರೆಯುವ ಜಾಗವನ್ನು ಮಾತ್ರ ದಾಕ್ಷಿಣ್ಯಕ್ಕೆ ಖಾಲಿ ಬಿಡಬೇಡಿ. ಅದು ಖಾಲಿ ಇದ್ದರೆ ಕಚೇರಿಯವರು ಅಲ್ಲಿ "ಬೀದಿನಾಯಿ" ಅಂತ ತುಂಬಿಸಿಕೊಳ್ಳುತ್ತಾರೆ.