ಕಣ್ಣು ಮುಚ್ಚಿ, ಮೆಟ್ಟಿಲಿಳಿಯಿರಿ

ಮಗ ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡನೆಂಬ ಸಂತೋಷ ಅವನ ಮುಂದಿನ ಮಾತಿನವರೆಗೆ ಮಾತ್ರ ಇತ್ತು. "ಹದಿನಾಲ್ಕನೇ ಫ್ಲೋರ್ ಅಮ್ಮಾ, ಬಾಲ್ಕನಿಯಿಂದ ವ್ಯೂ ನೋಡ್ಬೇಕು ನೀನು!" ಗೋಡೆಗೆ ಮೊಳೆ ಹೊಡೆಯಲು ಸ್ಟೂಲ್ ಹತ್ತಿದರೆ ಇಳಿಸಲು ಇಬ್ಬರು ಬೇಕಾಗುವ ಹೆಂಗಸು ನಾನು. ಅಟ್ಟದ ಮೇಲೆ ನನ್ನತ್ತೆ ಇಟ್ಟುಹೋದ ಉಪ್ಪಿನಕಾಯಿ ಜಾಡಿ ಇನ್ನೂ ಅಲ್ಲೇ ಇದೆ. ಈಗ ಅದನ್ನು ಇಳಿಸಿದರೂ ಪುರಾತತ್ವ ಇಲಾಖೆಯವರಿಗೇ ಒಪ್ಪಿಸಬೇಕು.

"ಗೃಹಪ್ರವೇಶಕ್ಕೆ ಬರ್ತೀನಪ್ಪ, ಕೆಳಗೆ ಸೆಕ್ಯೂರಿಟಿಯವನ ಹತ್ರ ಕೂತಿರ್ತೀನಿ, ಮಂಗಳಾರತಿ ತಟ್ಟೆ ಲಿಫ್ಟಲ್ಲಿ ಕಳಿಸು" ಎಂದೆ. ಸೊಸೆ ಸುಮ್ಮನಿರಲಿಲ್ಲ. ಹಿಪ್ನೋಥೆರಪಿ, ಅಂದರೆ ಸಮ್ಮೋಹನ ಚಿಕಿತ್ಸೆ, ಮಾಡಿಸಿಕೊಂಡರೆ ಎತ್ತರದ ಭಯ ಹೋಗುತ್ತದಂತೆ, ಮೈಸೂರಿನಲ್ಲೇ ಒಬ್ಬರಿದ್ದಾರಂತೆ, ಹಣ ಆಗಲೇ ಆನ್‌ಲೈನಿನಲ್ಲಿ ಕಟ್ಟಿದ್ದಾಳಂತೆ. ಕಟ್ಟಿದ ಹಣ ವಾಪಸಿಲ್ಲ ಎಂದ ಮೇಲೆ ನಮ್ಮ ಮನೆಯಲ್ಲಿ ಯಾವ ಭಯಕ್ಕೂ ಮರ್ಯಾದೆಯಿಲ್ಲ.

ಚರಿತ್ರೆ ಪಾಠ ಹೇಳಿದ ಚಾಳಿ, ಹಿಂದಿನ ರಾತ್ರಿ ಕೂತು ಓದಿದೆ. ಈ ವಿದ್ಯೆಗೆ ಮೂಲಪುರುಷನಾದ ಮೆಸ್ಮರ್ ಎಂಬ ಡಾಕ್ಟರು ಪ್ಯಾರಿಸ್ಸಿನಲ್ಲಿ ಅಯಸ್ಕಾಂತ ಶಕ್ತಿಯಿಂದ ರೋಗ ವಾಸಿ ಮಾಡುತ್ತೇನೆಂದು ದರ್ಬಾರು ನಡೆಸುತ್ತಿದ್ದನಂತೆ. 1784ರಲ್ಲಿ ಫ್ರಾನ್ಸಿನ ದೊರೆ ಹದಿನಾರನೇ ಲೂಯಿ ಅದರ ವಿಚಾರಣೆಗೆ ಸಮಿತಿ ನೇಮಿಸಿದ. ಅದರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಇದ್ದ, ರಸಾಯನಶಾಸ್ತ್ರಜ್ಞ ಲವಾಸಿಯೆ ಇದ್ದ. ಶಕ್ತಿಯೂ ಇಲ್ಲ ಗಿಕ್ತಿಯೂ ಇಲ್ಲ, ಎಲ್ಲ ರೋಗಿಯ ಕಲ್ಪನೆಯ ಪ್ರಭಾವ ಎಂದು ಸಮಿತಿ ವರದಿ ಕೊಟ್ಟಿತು. ನನಗೆ ಧೈರ್ಯ ಬಂದದ್ದೇ ಇಲ್ಲಿ. ಸ್ಟೂಲಿನಿಂದ ಬಿದ್ದು ಸಾಯುತ್ತೇನೆಂಬುದೂ ನನ್ನ ಕಲ್ಪನೆಯೇ ತಾನೆ? ಕಲ್ಪನೆಗೆ ಕಲ್ಪನೆಯೇ ಮದ್ದು. ಅಷ್ಟಲ್ಲದೆ 1845ರ ಸುಮಾರಿಗೆ ಬಂಗಾಳದ ಹೂಗ್ಲಿಯಲ್ಲಿ ಎಸ್ಡೇಲ್ ಎಂಬ ಬ್ರಿಟಿಷ್ ಡಾಕ್ಟರು ಕ್ಲೋರೋಫಾರ್ಮ್ ಬರುವ ಮೊದಲೇ ಜನರನ್ನು ಹೀಗೆ ಮೈಮರೆಸಿ ದೊಡ್ಡ ದೊಡ್ಡ ಗಡ್ಡೆ ಕೊಯ್ದಿದ್ದನಂತೆ. ನನ್ನದಾದರೋ ಬರೀ ಬಾಲ್ಕನಿ.

ಕ್ಲಿನಿಕ್ಕು ನೆಲಮಹಡಿಯಲ್ಲಿತ್ತು. ರೋಗಿಗಳ ಕಷ್ಟ ಬಲ್ಲವರು ಎಂದು ಅಲ್ಲೇ ಅರ್ಧ ನಂಬಿಕೆ ಬಂತು.

"ನಿಮ್ಮ ಭಯಕ್ಕೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ ಮೇಡಂ?"

ಯಾರಿಗೂ ಪೂರ್ತಿ ಅಂಕ ಕೊಟ್ಟ ಕೈಯಲ್ಲ ಇದು. ಒಂಬತ್ತೂವರೆ ಎಂದೆ. ಅರ್ಧ ಅಂಕ ಎಲ್ಲಿ ಹೋಯಿತೆಂದು ಅವರು ಕೇಳಲಿಲ್ಲ. ನನ್ನ ಶಾಲೆಯ ಮಕ್ಕಳಾಗಿದ್ದರೆ ಅಪ್ಪನನ್ನು ಕರೆದುಕೊಂಡು ಬರುತ್ತಿದ್ದರು.

ಒರಗು ಕುರ್ಚಿಯಲ್ಲಿ ಮಲಗಿಸಿ, ಕಣ್ಣು ಮುಚ್ಚಿಸಿ, ದನಿಯನ್ನು ಮೆತ್ತಗೆ ಮಾಡಿಕೊಂಡರು. "ಈಗ ನೀವು ಒಂದು ಸುಂದರವಾದ ಮೆಟ್ಟಿಲಸಾಲಿನ ತುತ್ತತುದಿಯಲ್ಲಿ ನಿಂತಿದ್ದೀರಿ. ನಾನು ಹತ್ತರಿಂದ ಒಂದರವರೆಗೆ ಎಣಿಸ್ತೀನಿ. ಒಂದೊಂದೇ ಮೆಟ್ಟಿಲು ಇಳಿದಂತೆಲ್ಲ ಮನಸ್ಸು ಹಗುರ, ರೆಪ್ಪೆ ಭಾರ…"

ಹಗುರವಾಗಬೇಕಾದ ಮನಸ್ಸು ಎದ್ದು ಕೂತಿತು. ಒಂದು ಕಣ್ಣು ತೆರೆದು ಕೇಳಿದೆ: "ರೇಲಿಂಗ್ ಇದೆಯಾ ಸಾರ್?"

ಸ್ವಲ್ಪ ಹೊತ್ತು ಎಸಿಯ ಸದ್ದು ಬಿಟ್ಟರೆ ಏನೂ ಇಲ್ಲ. "ಇದೆ ಅಂದ್ಕೊಳ್ಳಿ."

"ಎರಡೂ ಕಡೆ?"

"ಎರಡೂ ಕಡೆ ಮೇಡಂ."

ಈ ಮೆಟ್ಟಿಲು ಅವರೊಬ್ಬರ ಕಿತಾಪತಿಯಲ್ಲ, ಹಿಪ್ನೋಥೆರಪಿಯಲ್ಲಿ ಮನಸ್ಸನ್ನು ಆಳಕ್ಕೆ ಇಳಿಸಲು ಎಲ್ಲ ಕಡೆಯೂ ಬಳಸುವ ಉಪಾಯವಂತೆ. ಇನ್ನೊಂದು ಉಪಾಯ ಬಲೂನಿನದು. ಮಣಿಕಟ್ಟಿಗೆ ಬಲೂನು ಕಟ್ಟಿದೆ, ಕೈ ತಾನಾಗಿಯೇ ಮೇಲೇಳುತ್ತಿದೆ ಎಂದು ಕಲ್ಪಿಸಿಕೊಳ್ಳಬೇಕು. ಎತ್ತರಕ್ಕೆ ಹೆದರುವವಳನ್ನು ಒಂದೋ ಇಳಿಸುತ್ತಾರೆ, ಇಲ್ಲವೇ ಹಾರಿಸುತ್ತಾರೆ. ನೆಲದ ಮೇಲೆ ಚಾಪೆ ಹಾಸಿ ಕೂರಿಸುವ ವಿಧಾನವನ್ನು ಇದುವರೆಗೆ ಯಾರೂ ಯೋಚಿಸಿಲ್ಲವೇ?

ಸಿನಿಮಾದಲ್ಲಿ ತೋರಿಸುವಂತೆ ಪ್ರಜ್ಞೆಯೇನೂ ತಪ್ಪುವುದಿಲ್ಲ. ನಾಲ್ಕನೇ ಮೆಟ್ಟಿಲಿನಲ್ಲಿದ್ದಾಗಲೂ ಬೀದಿಯಲ್ಲಿ ಸೊಪ್ಪಿನವಳು ದಂಟು, ಸಬ್ಬಸಿಗೆ ಎಂದು ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು. ಆದರೆ ಎದ್ದು ಚೌಕಾಸಿ ಮಾಡಬೇಕೆನಿಸಲಿಲ್ಲ. ನನ್ನ ಮಟ್ಟಿಗೆ ಅದೇ ಸಮಾಧಿ ಸ್ಥಿತಿ. ಆ ಹೊತ್ತಿನಲ್ಲಿ ಬಲಗೈ ಹೆಬ್ಬೆರಳನ್ನೂ ತೋರುಬೆರಳನ್ನೂ ಒತ್ತಿ ಹಿಡಿಸಿದರು. ಮುಂದೆ ಎಲ್ಲೇ ಭಯವಾದರೂ ಹೀಗೆ ಒತ್ತಿದರೆ ಸಾಕು, ಇದೇ ನೆಮ್ಮದಿ ಓಡಿ ಬರುತ್ತದಂತೆ. ದಿನಾ ರಾತ್ರಿ ಕೇಳಲು ತಮ್ಮ ದನಿಯ ರೆಕಾರ್ಡಿಂಗನ್ನು ವಾಟ್ಸಾಪಿಗೆ ಕಳಿಸಿದರು.

ಆ ರೆಕಾರ್ಡಿಂಗಿಗೆ ಮೊದಲು ಬಿದ್ದವರು ನಮ್ಮೆಜಮಾನರು. ಏಳನೇ ಮೆಟ್ಟಿಲಿಗೆಲ್ಲ ಗೊರಕೆ. ನಾಲ್ಕಕ್ಕೆ ನಾನೂ ಮಲಗಿರುತ್ತಿದ್ದೆ. ಒಂದನೇ ಮೆಟ್ಟಿಲು ಹೇಗಿದೆಯೆಂದು ನಮ್ಮ ಮನೆಯಲ್ಲಿ ಯಾರೂ ನೋಡಿಲ್ಲ.

ಚಿಕಿತ್ಸೆ ನಾಟಿದೆಯೋ ಇಲ್ಲವೋ ಪರೀಕ್ಷಿಸೋಣ ಎಂಬ ಹುರುಪು ಅವರದೇ. ಜರ್ಮನ್ ಕವಿ ಗಯಟೆಗೂ ಇದೇ ಭಯವಿತ್ತಂತೆ, ಸ್ಟ್ರಾಸ್‌ಬರ್ಗಿನಲ್ಲಿ ಓದುತ್ತಿದ್ದಾಗ ಅಲ್ಲಿನ ಚರ್ಚಿನ ಗೋಪುರವನ್ನು ಒಬ್ಬನೇ ಹತ್ತಿ, ತುದಿಯ ಪುಟ್ಟ ಕಟ್ಟೆಯ ಮೇಲೆ ಹಿಡಿಯಲು ಏನೂ ಇಲ್ಲದೆ ನಿಂತು, ಮತ್ತೆ ಮತ್ತೆ ಹಾಗೇ ಮಾಡಿ ಭಯವನ್ನು ಓಡಿಸಿದನಂತೆ. ಈಗಿನ ಮನಶ್ಶಾಸ್ತ್ರಜ್ಞರೂ ಹೆಚ್ಚುಕಡಿಮೆ ಅದನ್ನೇ ಮಾಡಿಸುತ್ತಾರೆ, ಸ್ವಲ್ಪ ಸ್ವಲ್ಪವಾಗಿ. "ಅದಕ್ಕೇ, ನಡಿ ಶ್ರವಣಬೆಳಗೊಳಕ್ಕೆ" ಎಂದರು. ಸ್ವಲ್ಪ ಸ್ವಲ್ಪ ಎಂಬ ಭಾಗ ಅವರ ಕಿವಿಗೆ ಬಿದ್ದಿರಲಿಲ್ಲ.

ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲು, ಎಲ್ಲ ಬಂಡೆಯಲ್ಲೇ ಕಡಿದದ್ದು. ಚಪ್ಪಲಿ ಕೆಳಗೇ ಬಿಡಬೇಕು. ಬಿಸಿಲಿಗೆ ಕಲ್ಲು ಕಾದು ದೋಸೆ ಹೆಂಚಾಗಿರುತ್ತದೆ, ಹಾಗಾಗಿ ಜನ ಕಾಲುಚೀಲ ಹಾಕಿಕೊಂಡು ಹತ್ತುತ್ತಾರೆ. ಹತ್ತುವುದು ಕಷ್ಟವಲ್ಲ, ಮುಖ ಬಂಡೆಯ ಕಡೆಗಿರುತ್ತದೆ. ಮೇಲೆ 58 ಅಡಿಯ ಬಾಹುಬಲಿ, ಸಾವಿರ ವರ್ಷದಿಂದ ಯಾವ ಕಂಬಿಯನ್ನೂ ಹಿಡಿಯದೆ ನಿಂತಿದ್ದಾನೆ. ಕೈಮುಗಿದೆ. ತಿರುಗಿದೆ. ಕಾಲಬುಡದಿಂದ ನೇರ ಕೆಳಗೆ, ಅಂಗೈಯಗಲದ ಕಲ್ಯಾಣಿ.

ಬೆರಳು ಒತ್ತಬೇಕು, ಸರಿ. ಆದರೆ ಒತ್ತಬೇಕಾದ ಬಲಗೈ ಕಂಬಿಯನ್ನು ಹಿಡಿದಿತ್ತು. ಎಡಗೈಯಲ್ಲಿ ಇವರ ಅಂಗಿ. ನೆಮ್ಮದಿ ಬೇಕೆಂದರೆ ಕಂಬಿ ಬಿಡಬೇಕು, ಕಂಬಿ ಬಿಟ್ಟರೆ ನೆಮ್ಮದಿ ತೆಗೆದುಕೊಂಡು ಮಾಡುವುದೇನು? ಕ್ಲಿನಿಕ್ಕಿನ ಕುರ್ಚಿಯಲ್ಲಿ ಈ ಪ್ರಶ್ನೆ ಹೊಳೆದೇ ಇರಲಿಲ್ಲ.

ಆಸರೆಯಾದದ್ದು ಬೇರೊಂದು ತಿಳಿವಳಿಕೆ. ನಾವು ಸುಮ್ಮನೆ ನಿಂತಾಗಲೂ ಮೈ ಕೊಂಚ ತೂಗುತ್ತಲೇ ಇರುತ್ತದೆ. ಹತ್ತಿರದ ವಸ್ತುಗಳನ್ನು ನೋಡಿ ಕಣ್ಣು ಅದನ್ನು ತಿದ್ದುತ್ತಿರುತ್ತದೆ. ಎತ್ತರದಲ್ಲಿ ನಿಂತಾಗ ಎಲ್ಲವೂ ದೂರ, ಕಣ್ಣಿಗೆ ಲೆಕ್ಕ ಸಿಗುವುದಿಲ್ಲ, ಕಾಲು ನಿಜಕ್ಕೂ ನಡುಗುತ್ತದೆ. ಆದ್ದರಿಂದ ಹತ್ತಿರದ್ದನ್ನು ನೋಡಬೇಕು. ಮುಂದೆ ಇಳಿಯುತ್ತಿದ್ದ ಯಜಮಾನರೊಬ್ಬರ ಬೂದುಬಣ್ಣದ ಕಾಲುಚೀಲದ ಹಿಮ್ಮಡಿಯಲ್ಲಿ ನಾಲ್ಕಾಣೆಯಗಲದ ತೂತಿತ್ತು. ಆ ತೂತನ್ನು ನೋಡುತ್ತ ಇಳಿದೆ. ಅಷ್ಟು ಭಕ್ತಿಯಿಂದ ನಾನು ಮೇಲೆ ದೇವರನ್ನೂ ನೋಡಿರಲಿಲ್ಲ.

ನಡುವೆ ಅವರು ನೀರು ಕುಡಿಯಲು ಪಕ್ಕಕ್ಕೆ ಸರಿದುಬಿಟ್ಟರು. ತೂತು ಹೋಯಿತು, ಕಲ್ಯಾಣಿ ಬಂತು. ನಾನು ಅಲ್ಲೇ ಕಲ್ಲಾದೆ. ನಮ್ಮವರಿಗೆ ಪಾಪ ಎನಿಸಿರಬೇಕು, ಆ ಥೆರಪಿಸ್ಟರದೇ ಧಾಟಿಯಲ್ಲಿ ಶುರು ಮಾಡಿದರು. "ಹತ್ತು… ಒಂಬತ್ತು… ರೆಪ್ಪೆ ಭಾರ… ಎಂಟು…" ಏಳಕ್ಕೆ ಅವರಿಗೇ ಆಕಳಿಕೆ ಬಂತು. ನೋಡಿ ನನಗೂ ಬಂತು. ಇಬ್ಬರೂ ಮೆಟ್ಟಿಲ ಮೇಲೆ ಕೂತುಬಿಟ್ಟೆವು. ಹಿಂದೆ ಸಾಲು ನಿಂತಿತು. ಡೋಲಿಯವರು "ದಾರಿ ಬಿಡಿ, ದಾರಿ ಬಿಡಿ" ಎಂದು ಕೂಗಿದರು. ಡೋಲಿಯಲ್ಲಿದ್ದ ಅಜ್ಜಿ ನಮ್ಮನ್ನು ದಾಟುವಾಗ ಬಗ್ಗಿ ನೋಡಿ, "ಉಪವಾಸವೇನಮ್ಮಾ?" ಎಂದು ಮರುಗಿದರು. ಉಳಿದದ್ದನ್ನು ಕೂತುಕೊಂಡೇ ಇಳಿದೆ. ಸೀರೆಯ ಗತಿ ಕೇಳಬೇಡಿ.

ಗೃಹಪ್ರವೇಶ ಚೆನ್ನಾಗಿ ಆಯಿತು. ಹದಿನಾಲ್ಕನೇ ಮಹಡಿಯ ಅಡುಗೆಮನೆಯಲ್ಲಿ ಹಾಲುಕ್ಕಿಸಿದೆ, ಬಾಲ್ಕನಿಗೆ ಬೆನ್ನು ಹಾಕಿ.

ಮೊನ್ನೆ ಕ್ಲಿನಿಕ್ಕಿನಿಂದ ಫೋನು.

"ಹೇಗಿದ್ದೀರಿ ಮೇಡಂ? ಎತ್ತರದ ಭಯ ಹೋಯ್ತಾ?"

"ಅದು ಆರೋಗ್ಯವಾಗಿದೆ ಸಾರ್. ಆದ್ರೆ ನಿದ್ದೆ ಮಾತ್ರ ಬಹಳ ಚೆನ್ನಾಗಿ ಬರ್ತಿದೆ, ನಮ್ಮನೆಯವರಿಗೂ."

ಆ ಕಡೆ ಕೀಬೋರ್ಡು ಟಪಟಪ ಎಂದಿತು.

"ನಿದ್ದೆಯದ್ದು ಬೇರೆ ಪ್ಯಾಕೇಜು ಮೇಡಂ. ಇಬ್ಬರದೂ ಸೇರಿಸಿ ಬಿಲ್ ಕಳಿಸ್ಲಾ?"