ಪಿಯರ್ ಟೀಮಿಗೊಂದು ಪಿಯರ್ ಸೆಂಟರ್

ನಮ್ಮ ವಿಶ್ವವಿದ್ಯಾಲಯದಲ್ಲಿ ಪಿಯರ್ ಟ್ಯೂಟರಿಂಗ್ ಸೆಂಟರ್, ಅಂದರೆ ವಿದ್ಯಾರ್ಥಿಗಳೇ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಕೇಂದ್ರ, ಇತ್ತು. ಇತ್ತು ಅನ್ನುವುದಕ್ಕೆ ಫೋಟೋ ಇದೆ. ಮೂಲೆಯಲ್ಲಿ ಅಕ್ಷಾಂಶ, ರೇಖಾಂಶ, ತಾರೀಖು ಎಲ್ಲಾ ಇದೆ. ಜಿಯೋಟ್ಯಾಗ್ ಇಲ್ಲದ್ದು ಸಾಕ್ಷಿಯೇ ಅಲ್ಲವಂತೆ.

ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ಸಂಸ್ಥೆ ನ್ಯಾಕ್. ಅದರ ಎರಡನೇ ಮಾನದಂಡ ಆಗ ಬೋಧನೆ ಮತ್ತು ಕಲಿಕೆಯದ್ದಾಗಿತ್ತು. ಕಲಿಕೆಯಲ್ಲಿ ಹಿಂದಿರುವವರಿಗೆ ಏನು ಮಾಡಿದಿರಿ ಅಂತ ಅದು ಕೇಳುತ್ತಿತ್ತು. ನ್ಯಾಯವಾದ ಪ್ರಶ್ನೆಯೇ. ಎ ಡಬಲ್ ಪ್ಲಸ್ ದರ್ಜೆಗೆ ಆಗ 3.51 ಅಂಕ ಬೇಕಿತ್ತು, ಪರಿಶೀಲನೆಗೆ ನ್ಯಾಕ್ ಕಳಿಸುವ ಪಿಯರ್ ಟೀಮ್ ಮುಂದಿನ ತಿಂಗಳು ಬರುವುದಿತ್ತು. ಸರಿ, ಸೆಂಟರ್ ಶುರು!

ಸಂಜೆ ಐದರಿಂದ ಆರು ಪಾಠದ ಸಮಯ. ಕೋಣೆಯ ಬೀಗದ ಕೀ ಇದ್ದ ಗುಮಾಸ್ತರು ನಾಲ್ಕೂವರೆಗೇ ಮನೆಗೆ ಹೊರಡುತ್ತಿದ್ದರು. ಹಳ್ಳಿ ಹುಡುಗರು ನಾಲ್ಕೂಕಾಲಿನ ಬಸ್ಸಿಗೆ.

ಟ್ಯೂಟರ್ ಆಗಿ ನಾನು ಆ ಕೋಣೆ ಹೊಕ್ಕಿದ್ದು ಒಂದೇ ದಿನ, ಫೋಟೋಗೆ. ಬೋರ್ಡ್ ಮೇಲೆ ಇಂಟಿಗ್ರೇಷನ್ ಲೆಕ್ಕ ಬರೆದು ಕೈ ಎತ್ತಿ ನಿಂತೆ. "ಸ್ವಲ್ಪ ನಗಪ್ಪಾ" ಅಂದರು ಸಂಯೋಜಕರು. ಎದುರಿಗೆ ಕೂರಲು ದಡ್ಡರು ಬೇಕಲ್ಲ? ಮೈದಾನದಲ್ಲಿದ್ದ ಎನ್‌ಸಿಸಿ ಹುಡುಗರನ್ನು ಅಂಗಿ ಬದಲಿಸಿ ಕರೆತಂದರು. ಅವರಲ್ಲೊಬ್ಬ ಬೋರ್ಡ್ ನೋಡಿ, "ಅಣ್ಣಾ, ಅಲ್ಲಿ ಮೈನಸ್ ಬಿಟ್ಟಿದ್ದೀರಿ" ಅಂದ. ಆ ಕೋಣೆಯಲ್ಲಿ ನಡೆದ ಪಾಠ ಅದೊಂದೇ. ಕಲಿತವನು ಟ್ಯೂಟರ್.

ಹುಡುಗರೇ ಹುಡುಗರಿಗೆ ಕಲಿಸುವುದು ಹೊಸ ವಿದ್ಯೆಯೂ ಅಲ್ಲ. 1789ರ ಹೊತ್ತಿಗೆ ಆಂಡ್ರ್ಯೂ ಬೆಲ್ ಅನ್ನುವ ಪಾದ್ರಿ ಮದ್ರಾಸಿನ ಅನಾಥಾಲಯವೊಂದನ್ನು ನೋಡಿಕೊಳ್ಳುತ್ತಿದ್ದ. ಇಲ್ಲಿನ ಮಕ್ಕಳು ಮರಳಲ್ಲಿ ಅಕ್ಷರ ತಿದ್ದುವುದನ್ನು ಕಂಡು, ತಾನೂ ಹಾಗೇ ಮಾಡಿಸಿದ. ಬಲ್ಲ ಹುಡುಗರ ಕೈಲೇ ಉಳಿದವರಿಗೆ ಪಾಠ ಹೇಳಿಸಿದ. 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕವನ್ನೂ ತಂದ. ಅಲ್ಲಿ ಅದು ಮದ್ರಾಸ್ ಪದ್ಧತಿ ಅಂತಲೇ ಹೆಸರಾಯಿತು. ಅವನಿಗೆ ಮರಳು ಸಾಕಾಗಿತ್ತು. ನಮಗೆ ಸಂಯೋಜಕರು, ಉಪಸಂಯೋಜಕರು, ಫ್ಲೆಕ್ಸ್, ರಬ್ಬರ್ ಸ್ಟಾಂಪು, ಕತ್ತರಿಸಲು ರಿಬ್ಬನ್ನು.

ನಿಜವಾದ ಸೆಂಟರ್ ಹಾಸ್ಟೆಲ್‌ನಲ್ಲಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ಒಂದೇ ಮಂಚದ ಮೇಲೆ ಏಳು ಜನ. ಇಂಗ್ಲಿಷ್ ನೋಟ್ಸ್ ಕನ್ನಡವಾಗುವುದು ಅಲ್ಲೇ. "ಇದೊಂದು ಬಂದೇ ಬರುತ್ತೆ ಮಗಾ, ಇನ್ನೊಂದ್ಸಲ ಹೇಳ್ತೀನಿ ಕೇಳು" ಅಂತ ಬೆಳಗಿನ ಜಾವದವರೆಗೆ. ಹಾಗೇ ಫೇಲಾಗಿ ಉಳಿದಿದ್ದ ಎಷ್ಟೋ ಬ್ಯಾಕ್‌ಲಾಗ್ ಕಳೆದವು.

ಒಂದು ರಾತ್ರಿ ವಾರ್ಡನ್ ಬಂದರು. ಹನ್ನೊಂದರ ಮೇಲೆ ಲೈಟು, ಗದ್ದಲ, ತಲಾ 100 ರೂಪಾಯಿ ದಂಡ. ರಸೀದಿಯಲ್ಲಿ ಹೆಸರು, ತಾರೀಖು, ಸಮಯ ಎಲ್ಲಾ ಇತ್ತು. ಅದನ್ನು ಸಂಯೋಜಕರಿಗೆ ಕೊಟ್ಟು, ನ್ಯಾಕ್ ಫೈಲಿಗೆ ಇದನ್ನೇ ಹಾಕಿ ಸಾರ್ ಅಂದೆ.

ತಿರುಗಿಸಿ ಮುರುಗಿಸಿ ನೋಡಿದರು. "ಜಿಯೋಟ್ಯಾಗ್ ಇಲ್ವಲ್ಲಪ್ಪಾ."