ಪಾತ್ರೆ ತೊಳೆಯಲು ಬಿಟ್ಟ ಗೆಳೆಯ

ಗೆಳೆಯರ ಮನೆಗೆ ಹೋದರೆ ನಾನು ಪಾತ್ರೆ ತೊಳೆದೇ ತೊಳೆಯುತ್ತೇನೆ. ಬೇಡ ಅಂದರೂ ಬಿಡುವುದಿಲ್ಲ. ಈ ಹಟ ಬಂದದ್ದು ಹೋದ ವರ್ಷದ ಪ್ರಯಾಣದಲ್ಲಿ. ಸಿಂಗಪುರದಿಂದ ಮ್ಯೂನಿಕ್, ಅಲ್ಲಿಂದ ಲಂಡನ್, ಆಮೇಲೆ ನ್ಯೂಜೆರ್ಸಿ. ಮೂರು ವಾರ, ಮೂರು ಮನೆ. ಮೂವರೂ ಹಾಸ್ಟೆಲ್ಲಿನಲ್ಲಿ ಜೊತೆಗಿದ್ದವರು.

ಹಾಸನದ ನಮ್ಮ ಮನೆಗೆ ನೆಂಟರು ಬಂದರೆ ತಟ್ಟೆ ಎತ್ತುವ ಹಾಗೇ ಇರಲಿಲ್ಲ. "ಅಯ್ಯೋ ಬಿಡಿ, ನೀವ್ಯಾಕೆ" ಅಂತ ಅಮ್ಮ ಕಸಿದುಕೊಳ್ಳುತ್ತಿದ್ದರು. ಆ ಪ್ರೀತಿ ದೊಡ್ಡದು. ಆದರೆ ಅದರ ಹಿಂದೆ ಅಜ್ಜಿ, ಚಿಕ್ಕಮ್ಮ, ಮನೆಗೆಲಸಕ್ಕೆ ಬರುತ್ತಿದ್ದವರು, ಹೀಗೆ ನಾಲ್ಕು ಜನರ ದುಡಿಮೆ ಇತ್ತು. ಹೊರದೇಶದಲ್ಲಿ ಗಂಡ ಹೆಂಡತಿ ಇಬ್ಬರೇ, ಇಬ್ಬರಿಗೂ ಕೆಲಸ. ಅವರಿಂದಲೂ ಅದೇ ಉಪಚಾರ ಬಯಸುವುದು ತಪ್ಪು, ಅಲ್ವಾ?

ಮ್ಯೂನಿಕ್ ಗೆಳೆಯ ನಾನು ಹೋದ ದಿನವೇ ಹೇಳಿದ: "ನಾಳೆ ಭಾನುವಾರ, ಅಂಗಡಿ ಮುಚ್ಚಿರತ್ತೆ. ಈಗಲೇ ಸಾಮಾನು ತರೋಣ ಬಾರೋ." ಖಾಲಿ ಬಾಟಲಿ ತುಂಬಿದ ಎರಡು ಚೀಲ ನನ್ನ ಕೈಗಿತ್ತ. ಜರ್ಮನಿಯಲ್ಲಿ ಪ್ಲಾಸ್ಟಿಕ್ ಬಾಟಲಿ ನೀರು ಕೊಂಡರೆ 25 ಸೆಂಟ್ ಠೇವಣಿ ಸೇರಿಸಿ ಹಿಡಿಯುತ್ತಾರೆ. ಖಾಲಿ ಬಾಟಲಿಗಳನ್ನು ಅಂಗಡಿಯ ಯಂತ್ರಕ್ಕೆ ಒಂದೊಂದಾಗಿ ಹಾಕಿದರೆ ಚೀಟಿ ಬರುತ್ತದೆ. ಬಿಲ್ಲಿನಲ್ಲಿ ಅಷ್ಟು ಮುರಿದುಕೊಳ್ಳುತ್ತಾರೆ. ಬಾಟಲಿ ಹಾಕುತ್ತಾ ನಿಂತಾಗ ನಾನು ಅತಿಥಿ ಅನ್ನುವುದೇ ಮರೆತುಹೋಯಿತು.

ರಾತ್ರಿ ಅವನ ಹೆಂಡತಿ ಮಗುವನ್ನು ಮಲಗಿಸಲು ಹೋದರು. ಸಿಂಕಿನ ಮುಂದೆ ನಾವಿಬ್ಬರೇ. ಇಡ್ಲಿ ತಟ್ಟೆಯ ಕುಳಿಗಳಲ್ಲಿ ಅಂಟಿದ್ದನ್ನು ನಾನು ಉಜ್ಜುತ್ತಿದ್ದೆ, ಅವನು ಒರೆಸಿ ಇಡುತ್ತಿದ್ದ. ಇದ್ದಕ್ಕಿದ್ದಂತೆ ಅವರಪ್ಪನ ಮಾತು ತೆಗೆದ. 2020ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ಭಾರತಕ್ಕೆ ಮಾಮೂಲಿ ವಿಮಾನಗಳೆಲ್ಲ ನಿಂತಿದ್ದವು. ಇವನು ಎಲ್ಲವನ್ನೂ ಫೋನಿನಲ್ಲೇ ನೋಡಬೇಕಾಯಿತು. ಆಗ ನಾನು ಮಾತಾಡಿಸಿದರೆ "ಏನ್ ಮಾಡೋದು ಬಿಡೋ" ಅಂದು ಸುಮ್ಮನಾಗಿದ್ದ. ಈಗ ಒಣಗಿದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸುತ್ತಾ, ನನ್ನ ಮುಖ ನೋಡದೆ, ಎಲ್ಲವನ್ನೂ ಹೇಳಿದ. ಸೋಫಾದಲ್ಲಿ ಎದುರುಬದುರು ಕೂತಿದ್ದರೆ ಆ ಮಾತು ಬರುತ್ತಿರಲಿಲ್ಲ.

ಲಂಡನ್ನಿನ ಗೆಳೆಯ ನನಗಾಗಿ ರಜೆ ಹಾಕಿ ಊರೆಲ್ಲ ಸುತ್ತಿಸಿದ. ಥೇಮ್ಸ್ ದಡದಲ್ಲಿ 2015ರಲ್ಲಿ ನಿಲ್ಲಿಸಿದ ಬಸವಣ್ಣನ ಪ್ರತಿಮೆ ಕಂಡು ಕಣ್ಣು ತುಂಬಿತು. ಆದರೆ ರಾತ್ರಿ ಇಬ್ಬರಿಗೂ ಕಾಲು ನೋವು, ಮಾತಿಲ್ಲದೆ ಮಲಗಿದೆವು.

ನ್ಯೂಜೆರ್ಸಿಯಲ್ಲಿ ಗೆಳೆಯನ ಹೆಂಡತಿ ಆಫೀಸಿನ ಮೀಟಿಂಗ್‌ಗಳ ನಡುವೆ ಒಬ್ಬಟ್ಟು ತಟ್ಟುತ್ತಿದ್ದರು. ಎಡಿಸನ್ನಿನ ಓಕ್ ಟ್ರೀ ರೋಡ್ ಹತ್ತಿರದಲ್ಲೇ ಇತ್ತು. ಅಲ್ಲಿ ಸಾಲುಸಾಲು ನಮ್ಮವರ ಅಂಗಡಿ, ಹೋಟೆಲು. ತಂದು ತಿನ್ನೋಣ ಅಂದರೆ ಕೇಳಲಿಲ್ಲ. "ನೀವು ಕೂತ್ಕೊಳಿ ಅಣ್ಣ." ಮೂರನೇ ದಿನ ಅವರು ಸೊಂಟ ಹಿಡಿದುಕೊಂಡು ನಿಂತದ್ದು ಕಂಡೆ. ತಟ್ಟೆಯ ಒಬ್ಬಟ್ಟು ಗಂಟಲಲ್ಲಿ ಇಳಿಯಲಿಲ್ಲ.

ಈ ಡಿಸೆಂಬರ್‌ನಲ್ಲಿ ಅವರಿಬ್ಬರೂ ಸಿಂಗಪುರಕ್ಕೆ ಬರುತ್ತಿದ್ದಾರೆ. ಮೊನ್ನೆ ಫೋನಿನಲ್ಲಿ ಹೇಳಿಬಿಟ್ಟೆ: "ನಾವು ರಜೆ ಹಾಕಲ್ಲಮ್ಮ. ಬೆಳಿಗ್ಗೆ ಕಾಯಿ ತುರಿಯೋದು ನಿಮ್ಮ ಯಜಮಾನರ ಕೆಲಸ."

"ನನಗೇನು ಕೆಲಸ ಅಣ್ಣ?"

"ನಿಮಗೆ ಕಾಫಿ. ಕೂತು ಕುಡೀರಿ."